ಕಾಣದ ಕೆಲಸಕ್ಕೂ ಒಂದು ಲೆಕ್ಕ ಇಡಿ

ನಾನು ಹುಬ್ಬಳ್ಳಿಯವಳು. ಹದಿನಾಲ್ಕು ವರ್ಷದಿಂದ ಪುಣೆಯಲ್ಲಿದ್ದೀನಿ. ಹಿಂಜವಡಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎಕ್ಸಿಕ್ಯುಟಿವ್ ಅಸಿಸ್ಟೆಂಟ್ ಆಗಿ ಕೆಲಸ ಮಾಡ್ತಾ ಬಂದಿದ್ದೀನಿ. ನಾನು ಒಂದು ಸಾಲು ಕೋಡ್ ಬರೆದವಳಲ್ಲ. ಆದರೆ ನಿಮ್ಮ ಡೆಲಿವರಿ ಹೆಡ್ ಜೊತೆ ಹದಿನೈದು ನಿಮಿಷ ಬೇಕು ಅಂದ್ರೆ ನೀವು ಮೊದಲು ಮೆಸೇಜ್ ಹಾಕೋದು ನನ್ನಂಥವರಿಗೇ.

ಈ ಕೆಲಸ ಸಿಕ್ಕಾಗ ಊರಲ್ಲಿ ಅವ್ವ ಕೇಳಿದಳು, "ಅಂದ್ರ ಸಾಹೇಬ್ರಿಗೆ ಚಾ ತಂದು ಕೊಡೋದೇನವಾ?" ಇಲ್ಲಿ ಪಕ್ಕದ ಮನೆ ಕಾಕೂ ಕೇಳಿದ್ರು, "ಮ್ಹಣಜೇ ಸೆಕ್ರೆಟರೀಚ್ ನಾ?" ಸೆಕ್ರೆಟರಿ ತಾನೇ ಅಂತ. ಇಬ್ಬರಿಗೂ ಉತ್ತರ ಕೊಡೋಕೆ ನನಗೆ ಬರಲಿಲ್ಲ. ಯಾಕಂದ್ರೆ ನನಗೂ ಪೂರ್ತಿ ಗೊತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಟೈಪಿಂಗ್ ಕ್ಲಾಸಿಗೆ ಹೋಗಿ ಜೂನಿಯರ್, ಸೀನಿಯರ್ ಎರಡೂ ಪಾಸ್ ಮಾಡಿದ್ದೆ. ಬಿ.ಕಾಂ. ಆಗಿತ್ತು. ಪುಣೆಗೆ ಬಂದು ಮೊದಲು ರಿಸೆಪ್ಷನ್‌ನಲ್ಲಿ ಕೂತೆ, ಆಮೇಲೆ ಒಂದು ಟೀಮಿನ ಅಡ್ಮಿನ್ ಆದೆ, ಅಲ್ಲಿಂದ ಈ ಸೀಟಿಗೆ ಬಂದೆ. ಕೈ ವೇಗವಾಗಿ ಓಡಿದರೆ ಸಾಕು ಅಂದುಕೊಂಡಿದ್ದೆ. ಒಂದು ನವೆಂಬರ್ ತಿಂಗಳು ಬಂದು ಆ ಭ್ರಮೆ ಬಿಡಿಸ್ತು.

ನ್ಯೂಜೆರ್ಸಿಯ ಒಬ್ಬ ಕ್ಲೈಂಟ್ ಜೊತೆ ಪ್ರತಿ ಸೋಮವಾರ ಸಂಜೆ 6:30ಕ್ಕೆ ಕಾಲ್ ಇತ್ತು. ಅವರಿಗೆ ಬೆಳಿಗ್ಗೆ 9 ಗಂಟೆ. ಇನ್ವೈಟ್ ಹಾಕಿದ್ದು ನಾನೇ, ಅದೂ ನಮ್ಮ ಟೈಮ್‌ಝೋನಿನಲ್ಲಿ. ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ತಾಸು ಹಿಂದಕ್ಕೆ ಹೋಗುತ್ತೆ. ನಮ್ಮಲ್ಲಿ ಹಾಗೇನೂ ಇಲ್ಲ. ಮರುದಿನ ನಮ್ಮ 6:30 ಅಂದ್ರೆ ಅವರಿಗೆ ಬೆಳಿಗ್ಗೆ 8. ಅದು ಕಾಂಟ್ರಾಕ್ಟ್ ಮುಂದುವರಿಸೋ ಮಾತಿನ ದಿನ ಬೇರೆ. ನಮ್ಮ ಸರ್ ಜೊತೆ ಐದು ಲೀಡ್‌ಗಳು ರೂಮಿನಲ್ಲಿ ಕಾಯ್ತಾ ಕೂತಿದ್ದಾರೆ, ಆ ಕಡೆ ಯಾರೂ ಇಲ್ಲ.

ಹತ್ತು ನಿಮಿಷದಲ್ಲಿ ನನಗೆ ಹೊಳೀತು. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯ್ತು. ಸಿಸ್ಟಮ್ ಪ್ರಾಬ್ಲಮ್ ಅಂತ ಹೇಳಿಬಿಡಬಹುದಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ಒಳಗೆ ಹೋಗಿ ಹೇಳಿದೆ: "ಸರ್, ತಪ್ಪು ನನ್ನದು. ಅವರಿಗೆ ಫೋನ್ ಮಾಡಿದ್ದೀನಿ, 7:30ಕ್ಕೆ ಬರ್ತಾರೆ. ರೂಮ್ ಇರುತ್ತೆ. ಕಂಪನಿ ಬಸ್ ತಪ್ಪೋರಿಗೆ ಕ್ಯಾಬ್ ಹೇಳಿದ್ದೀನಿ." ಅವರು ಸರಿ ಅಂದರು, ಅಷ್ಟೇ. ಆವತ್ತಿಂದ ಪ್ರತಿ ಇನ್ವೈಟನ್ನೂ ಕ್ಲೈಂಟ್ ಇರೋ ಊರಿನ ಟೈಮ್‌ಝೋನಿನಲ್ಲೇ ಹಾಕ್ತೀನಿ. ಲಂಡನ್‌ನಲ್ಲಿ ಗಡಿಯಾರ ಬದಲಾಗೋದು ಅಕ್ಟೋಬರ್ ಕೊನೇ ಭಾನುವಾರ, ಅಮೆರಿಕಕ್ಕಿಂತ ಒಂದು ವಾರ ಮೊದಲು. ಆ ನಡುವಿನ ವಾರ ಮೂರು ಊರಿನ ಕಾಲ್‌ಗಳನ್ನ ಒಂದೊಂದಾಗಿ ಕೂತು ನೋಡ್ತೀನಿ. ಮತ್ತೆಂದೂ ಒಂದೂ ತಪ್ಪಲಿಲ್ಲ.

ತಪ್ಪದೇ ಇರೋದೇ ನನಗೆ ತೊಂದರೆ ಆಯ್ತು. ಮುಂದಿನ ಅಪ್ರೈಸಲ್‌ನಲ್ಲಿ ನನಗೆ ಬಂದದ್ದು ಸಾಧಾರಣ ರೇಟಿಂಗ್. ಯಾಕೆ ಅಂತ ಕೇಳಿದೆ. ಸರ್ ಕೆಟ್ಟವರಲ್ಲ, ನಿಜಾನೇ ಹೇಳಿದ್ರು: "ಏನು ಬರೀಬೇಕು ಅಂತ ಗೊತ್ತಾಗಲಿಲ್ಲ. ಎಲ್ಲಾ ಸುಸೂತ್ರವಾಗಿ ನಡೀತಿತ್ತಲ್ಲ." ಆ ಸಂಜೆ ಬಸ್ಸಿನಲ್ಲಿ ವಾಕಡ್ ಬರೋವರೆಗೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ.

ಡೆವಲಪರ್ ಕೆಲಸ ಟಿಕೆಟ್‌ನಲ್ಲಿ ಕಾಣುತ್ತೆ, ಸೇಲ್ಸ್‌ನವರದ್ದು ಅಂಕಿಯಲ್ಲಿ ಕಾಣುತ್ತೆ. ನಮ್ಮ ಕೆಲಸ ಕೆಟ್ಟರೆ ಮಾತ್ರ ಕಾಣುತ್ತೆ. ಹಾಗಾದ್ರೆ ಅದನ್ನ ಬರೆದಿಡೋ ಜವಾಬ್ದಾರಿ ನಮ್ಮದೇ.

ಪ್ರತಿ ಶುಕ್ರವಾರ ಹದಿನೈದು ನಿಮಿಷ ಒಂದು ನೋಟ್‌ಬುಕ್ ಹಿಡಿದು ಕೂರೋಕೆ ಶುರು ಮಾಡಿದೆ. ಮೂರೇ ಕಾಲಮ್: ಏನು ತೊಡಕಿತ್ತು, ನಾನೇನು ಮಾಡಿದೆ, ಅದರಿಂದ ಏನು ಉಳೀತು. ಒಂದು ಉದಾಹರಣೆ ಹೇಳ್ತೀನಿ. ಮೂರು ತಿಂಗಳಿಗೊಮ್ಮೆ ನಡೆಯೋ ರಿವ್ಯೂಗೆ ಸ್ಲೈಡ್‌ಗಳು ಹಿಂದಿನ ರಾತ್ರಿ ಬರ್ತಿದ್ವು. ಎರಡು ದಿನ ಮೊದಲೇ ಬರಬೇಕು, ಇಲ್ಲದಿದ್ರೆ ಆ ಟೀಮಿನ ಸರದಿ ಕೊನೆಗೆ ಅಂತ ಸರ್ ಒಪ್ಪಿಗೆ ತಗೊಂಡು ನಿಯಮ ಮಾಡಿದೆ. ಮೂರು ತಾಸಿನ ಮೀಟಿಂಗ್ ಎರಡು ತಾಸಿಗೆ ಇಳೀತು. ಮುಂದಿನ ಅಪ್ರೈಸಲ್‌ಗೆ ಎರಡು ಪುಟ ಕೊಟ್ಟೆ. ರೇಟಿಂಗ್ ಏರ್ತು. ಬಿಸಿನೆಸ್ ಆಪರೇಷನ್ಸ್ ಕೆಲಸ, ಅಂದ್ರೆ ಬಜೆಟ್ ಮತ್ತು ರಿವ್ಯೂಗಳ ಹೊಣೆ, ನನ್ನ ಪಾತ್ರಕ್ಕೆ ಸೇರೋಕೆ ಇನ್ನೂ ಒಂದು ವರ್ಷ ಹಿಡೀತು. ಆದರೆ ಸೇರ್ತು.

ಆದರೆ ಆ ನೋಟ್‌ಬುಕ್‌ನಲ್ಲಿ ಇಲ್ಲದ ಒಂದು ದಿನ ಇದೆ. ನಮ್ಮ ಕಡೆಯ ಹುಡುಗ ಒಬ್ಬ, ಕ್ಯಾಂಟೀನ್‌ನಲ್ಲಿ ಪಕ್ಕಕ್ಕೆ ಬಂದು ಕೂತ. "ಅಕ್ಕಾ, ಮುಂದಿನ ತಿಂಗಳು ಮನೆ ಸಾಲಕ್ಕ ಸಹಿ ಹಾಕಬೇಕು. ನಮ್ಮ ಪ್ರಾಜೆಕ್ಟ್ ಇರ್ತದಲ್ರೀ?" ಆ ಪ್ರಾಜೆಕ್ಟ್ ಮುಚ್ತಾರೆ ಅನ್ನೋದು ನನಗೆ ಗೊತ್ತಿತ್ತು. ಹೇಳೋ ಹಾಗಿರಲಿಲ್ಲ. ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ. "ಅದನ್ನ ನನ್ನ ಕೇಳಬ್ಯಾಡಪ್ಪ. ಸಹಿ ಹಾಕೋಕಿಂತ ಮೊದಲು ನಿನ್ನ ಮ್ಯಾನೇಜರ್‌ನ ನೇರ ಕೇಳು," ಅಂದೆ. ಎಲ್ಲರಿಗೂ ನಾನು ಕೊಡೋ ಉತ್ತರ ಇದೇ, ಒಳ್ಳೇ ಸುದ್ದಿ ಇದ್ದಾಗಲೂ ಇದೇ.

ಆಮೇಲೆ ಸರ್ ಹತ್ರ ಹೋದೆ. ಯಾರ ಹೆಸರೂ ಹೇಳಲಿಲ್ಲ. "ಸರ್, ಟೀಮಿನವರು ಮನೆ ಸಾಲ, ಮಕ್ಕಳ ಅಡ್ಮಿಷನ್ ಎಲ್ಲಾ ನಿರ್ಧಾರ ಮಾಡ್ತಿದ್ದಾರೆ. ತಡ ಮಾಡೋದು ಬೇಡ," ಅಂದೆ. ಒಂದೂವರೆ ತಿಂಗಳಾದ ಮೇಲೆ ಹೇಳಬೇಕಿದ್ದ ಸುದ್ದೀನ ಅವರು ಅದೇ ವಾರ ಟೀಮಿಗೆ ಹೇಳಿದರು. ಆ ಹುಡುಗ ಸಾಲ ಮುಂದೂಡಿದ. ನಾನು ಮಾತಾಡಿದ್ದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನ ಯಾವ ಅಪ್ರೈಸಲ್‌ನಲ್ಲೂ ಬರೆಯೋಕಾಗಲ್ಲ. ಆದರೆ ಆವತ್ತು ನನ್ನ ಮಾತು ಅವರು ಕೇಳಿದ್ದು ಯಾಕೆ? ಆ ನವೆಂಬರ್ ಸಂಜೆ ತಪ್ಪು ನನ್ನದು ಅಂದಿದ್ದೆನಲ್ಲ, ಅದರಿಂದ ಅಂತ ನಾನು ನಂಬ್ತೀನಿ.

ಈ ಕೆಲಸಕ್ಕೆ ಬರಬೇಕು ಅಂದುಕೊಂಡಿರೋ ತಂಗಿಯರಿಗೆ, ತಮ್ಮಂದಿರಿಗೂ, ಕೆಲವು ಮಾತು. ಮೀಟಿಂಗ್ ಮುಗಿದ ದಿನವೇ ಮಿನಿಟ್ಸ್ ಕಳಿಸಿ: ಏನು ತೀರ್ಮಾನ, ಯಾರ ಹೊಣೆ, ಯಾವತ್ತಿಗೆ. ಎಕ್ಸೆಲ್ ಕಲೀರಿ, ಬಜೆಟ್ ಓದೋದು ಕಲೀರಿ. ಸಾಹೇಬರ ಪಾಸ್‌ಪೋರ್ಟ್ ಅವಧಿ ನೋಡಿಡಿ. ಎಷ್ಟೋ ದೇಶಗಳಿಗೆ ಹೋಗೋವಾಗ ಇನ್ನೂ ಆರು ತಿಂಗಳು ಉಳಿದಿರಬೇಕು. ನೀವಿರೋ ಊರಿನ ಭಾಷೆ ಕಲೀರಿ. ನನ್ನ ಮರಾಠಿ ಸೆಕ್ಯುರಿಟಿ ಗೇಟಿನಿಂದ ಟ್ರಾವೆಲ್ ಡೆಸ್ಕ್‌ವರೆಗೆ ಎಷ್ಟು ಬಾಗಿಲು ತೆರೆಸಿದೆಯೋ ಲೆಕ್ಕ ಇಲ್ಲ. ಲೆಕ್ಕದಲ್ಲಿ ಬರೀಬೇಕಾದ್ದು ನೀವು ಮಾಡಿದ ಕೆಲಸ. ಕಿವಿಗೆ ಬಿದ್ದ ಗುಟ್ಟು ಅಲ್ಲಿ ಬರಬಾರದು.

ಈಗ ಊರಿಗೆ ಹೋದಾಗ ಅವ್ವನಿಗೆ ಹೇಳ್ತೀನಿ, "ಚಾ ಅವರೇ ತಗೋತಾರ ಬೇ, ನನಗೂ ಒಂದು ಕಪ್ ತರ್ತಾರ."

ಈ ಶುಕ್ರವಾರ ಒಂದು ನೋಟ್‌ಬುಕ್ ತಗೊಳ್ಳಿ.