ಎರೆಯುವ ಕೈ, ನೋಡುವ ಕಣ್ಣು

ಮನೆಯ ಹಿತ್ತಲಲ್ಲಿಯೋ, ಹಿತ್ತಲಿಲ್ಲದವರಾದರೆ ತಾರಸಿಯ ಮೇಲಣ ಕುಂಡಗಳಲ್ಲಿಯೋ ನಾಲ್ಕಾರು ಗಿಡಗಳನ್ನು ಬೆಳೆಸುವ ಗೃಹಸ್ಥರ ಅಕ್ಕರೆಯನ್ನು ಕುರಿತು ಒಂದೆರಡು ಮಾತುಗಳನ್ನಾಡಬೇಕೆಂದಿದ್ದೇನೆ. ಏಕೆಂದರೆ ನಮ್ಮ ಮನೆಗಳಲ್ಲಿ ಉಪೇಕ್ಷೆಯಿಂದ ಒಣಗಿದ ಗಿಡಗಳಿಗಿಂತ ಅತಿಯಾದ ಉಪಚಾರದಿಂದ ಕೊಳೆತುಹೋದವುಗಳನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಅಂಗಳದ ತುಳಸಿಯನ್ನೇ ತೆಗೆದುಕೊಳ್ಳಿ. ಸ್ನಾನ ಮುಗಿಸಿ ಬಂದ ಅಜ್ಜಿ ಒಂದು ತಂಬಿಗೆ ನೀರೆರೆಯುತ್ತಾರೆ. ಪೂಜೆಗೆ ಹೊರಟ ಸೊಸೆ ಇನ್ನೊಂದು. ಶಾಲೆಗೆ ಹೊರಟ ಮೊಮ್ಮಗಳು ತನ್ನ ಪಾಲಿನ ಪುಣ್ಯವನ್ನು ಬಿಡಲಾರದೆ ಮತ್ತೊಂದು. ಸಾಲದುದಕ್ಕೆ ಆರಿದ್ರೆಯ ಮಳೆಯೂ ಹಿಡಿದುಕೊಂಡರೆ ಆ ಗಿಡದ ಗತಿಯೇನು? ಬೇರು ನೀರನ್ನು ಕುಡಿಯುವಂತೆಯೇ ಉಸಿರನ್ನೂ ಆಡುತ್ತದೆ. ಮಣ್ಣಿನ ಕಣಗಳ ನಡುವಣ ಸೂಕ್ಷ್ಮವಾದ ಎಡೆಗಳಲ್ಲಿ ಗಾಳಿ ಸಂಚರಿಸುತ್ತಿರುವವರೆಗೆ ಅದು ಸುಖಿ; ಆ ಎಡೆಗಳನ್ನೆಲ್ಲ ನೀರೇ ತುಂಬಿಕೊಂಡು ನಿಂತಿತೆಂದರೆ ಬೇರು ಉಸಿರುಗಟ್ಟಿ ಕೊಳೆಯತೊಡಗುತ್ತದೆ, ಕೊಳೆತ ಬೇರು ನೀರನ್ನು ಮೇಲಕ್ಕೆ ಕಳುಹಿಸಲಾರದೆ ಎಲೆಗಳು ಹಳದಿಗೆ ತಿರುಗಿ ಜೋತುಬೀಳುತ್ತವೆ, ಜೋತ ಎಲೆಗಳನ್ನು ಕಂಡ ಮನೆಯವರು ಗಿಡಕ್ಕೆ ಬಾಯಾರಿತೆಂದು ಮರುಗಿ ಇನ್ನೂ ಒಂದು ತಂಬಿಗೆ ಸುರಿಯುತ್ತಾರೆ. ಅವರ ಪ್ರೀತಿಗೆ ಲೋಪವಿಲ್ಲ, ಕೊರತೆಯೆಲ್ಲ ನೋಟದ್ದು. ಕೊಡುವವರ ತೃಪ್ತಿಗಾಗಿ ಕೊಟ್ಟುದು ಪಡೆಯುವವರಿಗೆ ಭಾರವಾಗುವುದುಂಟು. ಸಾಕು ಸಾಕೆಂದು ಕೈ ಅಡ್ಡ ಹಿಡಿದ ಮಗುವಿನ ಎಲೆಗೆ ಮತ್ತೂ ಬಡಿಸುವ ತಾಯಂದಿರು ಇದನ್ನು ಬಲ್ಲರು.

ಆದುದರಿಂದ ನೀರೆರೆಯುವ ಮುನ್ನ ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗಿಳಿಸಿ ನೋಡಿ. ಒಳಗೆ ತಂಪು ತಗುಲಿ, ಬೆರಳಿಗೆ ಮಣ್ಣು ಅಂಟಿಕೊಂಡು ಬಂದರೆ ತಂಬಿಗೆಯನ್ನು ಪಕ್ಕಕ್ಕಿಡಿ. ತುಳಸಿಗೆ ನಿತ್ಯದ ನೀರು ತಪ್ಪಬಾರದೆಂಬ ಶ್ರದ್ಧೆಯುಳ್ಳವರು ಒಂದು ಉದ್ಧರಣೆಯಷ್ಟು ಎರೆದರೆ ಸಾಕು. ಭಕ್ತಿಗೆ ತಂಬಿಗೆಯ ಅಳತೆಯಿಲ್ಲ. ಕುಂಡದ ತಳದ ತೂತು ಮುಚ್ಚಿಹೋಗದಂತೆ ನೋಡಿಕೊಳ್ಳಿ. ಮಂಜರಿ ಬಲಿತು ಬೀಜವಾಗುವ ಮೊದಲೇ ಚಿವುಟಿ ದೇವರಿಗೇರಿಸಿದರೆ ಪೂಜೆಯೂ ಆಯಿತು, ಗಿಡವೂ ಹೊಸ ಕುಡಿಯೊಡೆದು ಬಹುಕಾಲ ಬಾಳಿತು.

ಔಷಧಿಯ ವಿಷಯದಲ್ಲಿಯೂ ಇದೇ ತಾಳ್ಮೆ ಬೇಕು. ಅವರೆಯ ಕುಡಿಯಲ್ಲಿ ಹೇನು ಮುತ್ತಿದುದನ್ನು ಕಂಡೊಡನೆ ವಿಷವನ್ನು ಸಿಂಪಡಿಸಲು ಹೊರಡಬೇಡಿ. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳುಳ್ಳ ಗುಲಗಂಜಿ ಹುಳು ಅಲ್ಲಿ ಆಗಲೇ ಬಂದಿದ್ದರೆ ಆ ಹೇನುಗಳೇ ಅದಕ್ಕೆ ಭೋಜನ, ಅದರ ಮರಿಗಳಿಗೂ ಅವೇ. ನಿಮ್ಮ ವಿಷಕ್ಕೆ ಬಲಿಯಾಗುವುದು ಈ ಮಿತ್ರನೂ ಹೌದು.

ನೋಟವೇ ತೋಟಗಾರನ ಮೊದಲ ವಿದ್ಯೆ ಎಂಬುದಕ್ಕೆ ಬೆಂಗಳೂರಿನ ಬೀದಿಗಳೇ ಸಾಕ್ಷಿ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್ ಅವರು, ಯಾವ ಮರ ಯಾವ ತಿಂಗಳಲ್ಲಿ ಹೂಬಿಡುವುದೆಂಬುದನ್ನು ಚೆನ್ನಾಗಿ ಅರಿತು, ಒಂದರ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಊರಿನ ಸಾಲುಮರಗಳನ್ನು ಯೋಜಿಸಿದರು. ಕಾಲವನ್ನು ಗಮನಿಸದವನಿಗೆ ಇಂಥ ಏರ್ಪಾಡು ಹೊಳೆಯಲಾರದು.

ಇನ್ನು ಸಿಹಿಗುಂಬಳದ ಬಳ್ಳಿಯನ್ನು ಹಬ್ಬಿಸಿದವರ ವ್ಯಥೆಯೊಂದುಂಟು: "ಬರೀ ಹೂವು, ಕಾಯಿ ಕಚ್ಚುವುದೇ ಇಲ್ಲ." ಅವರು ಧೈರ್ಯಗೆಡಬೇಕಾಗಿಲ್ಲ. ಬಳ್ಳಿಯಲ್ಲಿ ಮೊದಲು ಬರುವುದು ಗಂಡುಹೂಗಳು. ಉದ್ದನೆಯ ಸಣ್ಣ ತೊಟ್ಟಿನ ಮೇಲೆ ನಿಂತು ಅವು ಉದುರಿಹೋಗುವುದು ಸಹಜಧರ್ಮ. ಕೆಲವು ದಿನಗಳ ತರುವಾಯ ಬರುವ ಹೆಣ್ಣುಹೂವಿನ ಬುಡದಲ್ಲಿ ಪುಟ್ಟದೊಂದು ಕಾಯಿ ಆಗಲೇ ರೂಪುಗೊಂಡಿರುತ್ತದೆ. ಜೇನ್ನೊಣ ಸುಳಿಯದ ತಾರಸಿಗಳಲ್ಲಿ ಅದಕ್ಕೆ ಪರಾಗ ದೊರೆಯದೆ, ಆ ಎಳೆಗಾಯಿ ಹಳದಿಯಾಗಿ ಉದುರುತ್ತದೆ. ಇಲ್ಲಿ ಮಾತ್ರ ನಿಮ್ಮ ಕೈ ಮುಂದಾಗಲಿ. ಗಂಡುಹೂವೊಂದನ್ನು ಕಿತ್ತು, ಎಸಳುಗಳನ್ನು ಬಿಡಿಸಿ, ನಡುವಣ ಹಳದಿ ಧೂಳನ್ನು ಹೆಣ್ಣುಹೂವಿನ ಒಡಲಿಗೆ ಮೆಲ್ಲನೆ ಸವರಿ. ಈ ಕಾರ್ಯಕ್ಕೆ ಬೆಳಗೇ ತಕ್ಕ ಹೊತ್ತು. ಅಂಥ ಹೂವೊಂದು ನಿಮ್ಮ ಬಳ್ಳಿಯಲ್ಲಿ ಈಗ ಅರಳಿದ್ದರೆ, ದಯವಿಟ್ಟು ರೇಡಿಯೋದ ಮುಂದಿನಿಂದ ಏಳಿ. ಮಧ್ಯಾಹ್ನದೊಳಗೆ ಅದು ಮುಚ್ಚಿಕೊಳ್ಳುತ್ತದೆ, ಮತ್ತೆ ಅರಳುವುದಿಲ್ಲ.