ಊಟ ಬಲ್ಲ ನೆರೆಹೊರೆ



‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ಹಿರಿಯರು ಹೇಳಿದ್ದಾರೆ. ಆದರೆ ಊಟ ಬಲ್ಲವನಿಗೂ ಒಳ್ಳೆಯ ಆಹಾರ ಹತ್ತಿರದಲ್ಲಿ, ಕೈಗೆಟಕುವ ಬೆಲೆಗೆ ಸಿಗಬೇಕಲ್ಲವೇ?

ಇದಕ್ಕೆ ದಾರಿ ತೋರಿದವರು ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ತಾಯಂದಿರು. 2018ರಲ್ಲಿ ಅವರು ಬೀಬಿ ಫಾತಿಮಾ ಸ್ವಸಹಾಯ ಸಂಘ ಕಟ್ಟಿದರು. ಸಿರಿಧಾನ್ಯಗಳ ಬೀಜ ಬ್ಯಾಂಕ್ ಮಾಡಿ ರೈತರಿಗೆ ಬೀಜ ಕೊಟ್ಟರು. ಸಿಪ್ಪೆ ಬಿಡಿಸುವ ಕಷ್ಟದಿಂದಲೇ ಸಾವೆ, ನವಣೆ ಅನೇಕ ಮನೆಗಳಿಂದ ದೂರವಾಗಿದ್ದವು. ಧಾನ್ಯ ಹಸನು ಮಾಡುವ ಘಟಕವನ್ನೂ ತಾವೇ ನಡೆಸಿದರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು.

ಲುಸೈಲ್‌ನಲ್ಲಿರುವ ನಮಗೆ ಹೊಲವಿಲ್ಲ, ನಿಜ. ಕತಾರ್‌ಗೆ ಬಹುಪಾಲು ಆಹಾರ ಹೊರಗಿನಿಂದಲೇ ಬರಬೇಕು. 2017ರ ಜೂನ್‌ನಲ್ಲಿ ಸೌದಿ ಗಡಿ ಮುಚ್ಚಿದಾಗ ಅಂಗಡಿಗಳಲ್ಲಿ ಹಾಲಿನ ಕಪಾಟುಗಳು ಬರಿದಾದದ್ದನ್ನು ಈ ನಾಡು ಮರೆತಿಲ್ಲ. ಆದರೂ ಚಳಿಗಾಲದಲ್ಲಿ ಉಮ್ ಸಲಾಲ್ ಕಡೆಯ ಅಲ್ ಮಜ್ರೂವಾ ಮಾರುಕಟ್ಟೆಗೆ ಇಲ್ಲಿನದೇ ತೋಟಗಳ ತಾಜಾ ತರಕಾರಿ ಬರುತ್ತದೆ. ಕಾರಿರುವ ನಮಗೆ ಅದು ಹತ್ತಿರ. ದಿನವಿಡೀ ದುಡಿದು ದಣಿಯುವ, ಕಾರಿಲ್ಲದ ನಮ್ಮ ಸೋದರರಿಗೆ ಬಲು ದೂರ.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ನಾಲ್ಕು ಮನೆಯವರು ಒಂದೇ ಕಾರಿನಲ್ಲಿ ಹೋಗೋಣ. ಪೆಟ್ಟಿಗೆ ಲೆಕ್ಕದಲ್ಲಿ ಕೊಂಡು ಅಸಲು ಬೆಲೆಗೆ ಹಂಚಿಕೊಳ್ಳೋಣ. ಐದನೆಯ ಪಾಲು ಆ ಸೋದರರ ಕೋಣೆಗೆ ತಲುಪಲಿ. ಅದರ ಖರ್ಚಿಗೆ ತಮ್ಮ ದೇಣಿಗೆ ಒದಗಲಿ. ಹನಿಗೂಡಿದರೆ ಹಳ್ಳ.