ಆಂಡರ್ಮಾಟ್‌ನಲ್ಲಿ ಮೊದಲು ನೋಡಬೇಕಾದದ್ದು



ಸ್ವಿಟ್ಜರ್ಲೆಂಡಿನ ಆಂಡರ್ಮಾಟ್ ಆಲ್ಪ್ಸ್ ಪರ್ವತಗಳ ನಡುವೆ ಸುಮಾರು 1,440 ಮೀಟರ್ ಎತ್ತರದಲ್ಲಿರುವ ಹಳ್ಳಿ. ಚಳಿಗಾಲದಲ್ಲಿ ಜನ ಸ್ಕೀಯಿಂಗ್‌ಗೆಂದು ಗೆಮ್ಸ್‌ಸ್ಟಾಕ್ ಶಿಖರಕ್ಕೆ ಬರುತ್ತಾರೆ. ಬೇಸಿಗೆಯಲ್ಲಿ ಓಬರಾಲ್ಪ್ ಘಾಟಿಯಿಂದ ರೈನ್ ನದಿಯ ಮೂಲವೆನಿಸಿದ ಟೋಮಾ ಸರೋವರಕ್ಕೆ ನಡೆದು ಹೋಗಬಹುದು.

ಹಳ್ಳಿಗೆ ಬರುವ ದಾರಿಯ ಕಮರಿಯಲ್ಲಿ 'ಸೈತಾನನ ಸೇತುವೆ' ಇದೆ. ಸೇತುವೆ ಕಟ್ಟಿಕೊಡುತ್ತೇನೆ, ಮೊದಲು ದಾಟುವ ಜೀವ ನನ್ನದು ಎಂದನಂತೆ ಸೈತಾನ. ಊರವರು ಒಪ್ಪಿದರು, ಕೆಲಸ ಮುಗಿದೊಡನೆ ಒಂದು ಹೋತವನ್ನು ಅಟ್ಟಿದರು! ಸಿಟ್ಟಿಗೆದ್ದ ಅವನು ಸೇತುವೆ ಒಡೆಯಲು ದೊಡ್ಡ ಬಂಡೆ ಹೊತ್ತು ತಂದ. ಮುದುಕಿಯೊಬ್ಬಳು ಅದರ ಮೇಲೆ ಶಿಲುಬೆಯ ಗುರುತು ಹಾಕಿದಳು, ಮತ್ತೆ ಎತ್ತಲಾಗಲಿಲ್ಲ. ಆ ಬಂಡೆಯನ್ನು 1977ರಲ್ಲಿ ಹೆದ್ದಾರಿಗಾಗಿ ಇಂಜಿನಿಯರುಗಳು 127 ಮೀಟರ್ ಸರಿಸಿದರು.

ನೀವು ಹೋದರೆ ಸೇತುವೆಗಿಂತ ಮೊದಲು ಹಳ್ಳಿಯ ಮೇಲಿನ ಇಳಿಜಾರಿನ ಕಾಡನ್ನು ನೋಡಿ. ಅಲ್ಲಿ ಯಾರೂ ಮರ ಕಡಿಯಬಾರದೆಂದು 1397ರಲ್ಲೇ ಕರಾರು ಬರೆದಿಟ್ಟರು. ಅಂಥ ಚಳಿಯಲ್ಲಿ ಸೌದೆಯ ಅಗತ್ಯ ಎಷ್ಟಿದ್ದೀತು, ಯೋಚಿಸಿ! ಆದರೂ ಮುಟ್ಟಲಿಲ್ಲ, ಬೆಟ್ಟದ ಹಿಮ ಕುಸಿದು ಊರ ಮೇಲೆ ಬೀಳದಂತೆ ಹಿಡಿದಿಡುವುದು ಆ ಮರಗಳೇ. ಎಲ್ಲ ಇಳಿಜಾರುಗಳಲ್ಲೂ ಅಂಥ ಕಾಡಿಲ್ಲ. 1951ರ ಜನವರಿಯಲ್ಲಿ ಹಿಮಕುಸಿತಕ್ಕೆ ಹಳ್ಳಿಯ 13 ಜನ ಬಲಿಯಾದರು. ಬೋಳು ಇಳಿಜಾರುಗಳಲ್ಲಿ ಇಂದು ಹಿಮ ತಡೆಯುವ ಬೇಲಿಗಳಿವೆ.